ಲಾಸಾದಲ್ಲಿ ಆಕ್ಸಿಜನ್ ಇರೋ ಹೋಟ್ಲೇ ಬೇಕಾ? ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದೀನಿ

ಗಾಂಧಿಬಜಾರ್_ಗಿರಾಕಿ:
ಕೈಲಾಸ ಮಾನಸ ಸರೋವರಕ್ಕೆ ಹೊರಟಿದೀವಿ, ಕಠ್ಮಂಡುವಿಂದ ಫ್ಲೈಟಲ್ಲಿ ಟಿಬೆಟ್ಟಿನ ಲಾಸಾ, ಆಮೇಲೆ ರೋಡಲ್ಲಿ ಶಿಗಾಟ್ಸೆ, ಸಾಗಾ. ಏಜೆಂಟ್ ಲಾಸಾದಲ್ಲಿ ಎರಡು ಹೋಟ್ಲು ತೋರ್ಸಿದಾನೆ. ಒಂದು ಬರ್ಖೋರ್ ಅನ್ನೋ ಹಳೇ ಪೇಟೆ ಹತ್ರ ಹಳೇ ಟಿಬೆಟನ್ ಮನೆ ಥರದ್ದು, ಕಿಟಕಿ ಬಾಗಿಲಿಗೆಲ್ಲ ಬಣ್ಣ, ಫೋಟೋದಲ್ಲಿ ಸಖತ್ತಾಗಿದೆ. ಇನ್ನೊಂದು ಊರಿನ ಪಶ್ಚಿಮಕ್ಕೆ, ಮಾಮೂಲಿ ಡಬ್ಬ ಬಿಲ್ಡಿಂಗು, ಆದ್ರೆ ರೂಮಲ್ಲಿ ಆಕ್ಸಿಜನ್ ಅಂತೆ, ಅದಕ್ಕೆ ಎಕ್ಸ್‌ಟ್ರಾ ದುಡ್ಡು. ಅಪ್ಪಂಗೆ ಬಿಪಿ, ಅಮ್ಮಂಗೆ ಮಂಡಿ ನೋವು. ಅಮ್ಮ ಬೇರೆ ಸ್ನಾನ ಆಗದೆ ಕಾಫಿನೂ ಮುಟ್ಟಲ್ಲ, ಅಲ್ಲಿ ಹೋಗಿ ಸ್ನಾನ ಮಾಡ್ಲೇಬೇಡಿ ಅಂತ ಯಾರೋ ಹೆದರ್ಸಿದಾರೆ. ಹೋಗಿಬಂದೋರು ಹೇಳ್ರಪ್ಪ.

ಸುತ್ತಾಟ_ಶೆಟ್ರು:
ಮೊದಲು ಲಿಫ್ಟ್ ಇದೆಯಾ ಕೇಳಿ ಸಾರ್, ಆಕ್ಸಿಜನ್ ಆಮೇಲೆ. ಬರ್ಖೋರ್ ಹೋಟ್ಲುಗಳು ನೋಡಕ್ಕೆ ಚಂದ ನಿಜ, ಬೆಳಿಗ್ಗೆ ಜೋಖಾಂಗ್ ದೇವಸ್ಥಾನದ ಸುತ್ತ ಪ್ರದಕ್ಷಿಣೆ ಹಾಕೋ ಜನರ ಜೊತೆ ನೀವೂ ಒಂದು ಸುತ್ತು ಬರಬಹುದು. ಆದ್ರೆ ಎಷ್ಟೋ ಕಡೆ ಕಡಿದಾದ ಮೆಟ್ಟಿಲು, ಒಳಗಿನ ಗಲ್ಲಿಗೆ ಗಾಡಿ ಬಿಡಲ್ಲ, ಚೆಕ್‌ಪೋಸ್ಟಲ್ಲಿ ಬ್ಯಾಗ್ ಸ್ಕ್ಯಾನ್ ಮಾಡ್ಸಿ ಅಲ್ಲಿಂದ ಲಗೇಜ್ ಎಳ್ಕೊಂಡು ಹೋಗ್ಬೇಕು. ಕಠ್ಮಂಡು 1,400 ಮೀಟರು, ಲಾಸಾ 3,650, ಒಂದೇ ಹಾರಿಕೆಗೆ ಅಷ್ಟು ಮೇಲೆ ಹೋಗಿರ್ತೀರ. ನಮ್ಮ ಗುಂಪಲ್ಲಿ ದಿನಾ ಲಾಲ್‌ಬಾಗಲ್ಲಿ ವಾಕ್ ಮಾಡೋ ಗಟ್ಟಿ ಆಸಾಮಿ ಒಂದು ಮಹಡಿ ಹತ್ತಿ ಗೋಡೆ ಹಿಡ್ಕೊಂಡು ನಿಂತ್ಬಿಟ್ರು. ಮಂಡಿ ನೋವಿರೋ ಅಮ್ಮನ್ನ ಆ ಮೆಟ್ಟಿಲು ಹತ್ತಿಸ್ಬೇಡಿ. ಲಿಫ್ಟ್ ಇರೋ ಕಡೆ ಉಳ್ಕೊಂಡು ಬರ್ಖೋರಿಗೆ ಟ್ಯಾಕ್ಸಿಲಿ ಹೋಗಿ.

ಆಕ್ಸಿಜನ್ ಅಂದ್ರೆ ಯಾವ್ದು ಅಂತನೂ ಬಿಡ್ಸಿ ಕೇಳಿ. ಕೆಲವು ಕಡೆ ರೂಮ್ ತುಂಬಾ ಬಿಡ್ತಾರೆ, ಕೆಲವು ಕಡೆ ಮಂಚದ ಪಕ್ಕ ಮಷಿನು ಮೂಗಿಗೆ ಪೈಪು, ಇನ್ನು ಕೆಲವರು ಒಂದು ಸ್ಪ್ರೇ ಡಬ್ಬಿ ಇಟ್ಟು ಅದನ್ನೇ ಆಕ್ಸಿಜನ್ ರೂಮ್ ಅಂತಾರೆ. ಆ ಡಬ್ಬಿ ಹೊರಗೆ ಅಂಗಡೀಲೂ ಸಿಗತ್ತೆ, ಕೆಲವೇ ನಿಮಿಷ ಬರೋದು, ರಾತ್ರಿಗೆಲ್ಲ ಪ್ರಯೋಜನ ಇಲ್ಲ.

ಪಿಜಿ_ಡಾಕ್ಟ್ರು:
ತೊಂದ್ರೆ ಕೊಡೋದೇ ರಾತ್ರಿ. ನಿದ್ದೇಲಿ ಉಸಿರು ಕೆಲವು ಸೆಕೆಂಡ್ ನಿಂತು ಆಮೇಲೆ ಜೋರಾಗಿ ಎಳ್ಕೊಳತ್ತೆ, ಪಕ್ಕದಲ್ಲಿ ಮಲಗಿರೋರಿಗೆ ಜೀವ ಬಾಯಿಗೆ ಬರತ್ತೆ. ಎತ್ತರದಲ್ಲಿ ಇದು ಸಾಮಾನ್ಯ. ಆಕ್ಸಿಮೀಟರಲ್ಲಿ 85 ಆಸುಪಾಸು ಬಂದ ತಕ್ಷಣ ಗಾಬರಿ ಬೇಡ, ಆಳು ಹೆಂಗಿದಾರೆ ನೋಡಿ. ಸುಮ್ನೆ ಕೂತಿದ್ದಾಗ್ಲೂ ಏದುಸಿರು, ಕುಡಿದೋರ ಥರ ನಡಿಗೆ ತಪ್ಪೋದು, ಮಾತು ಗೊಂದಲ, ಇಷ್ಟರಲ್ಲಿ ಒಂದು ಕಂಡ್ರೂ ಆಕ್ಸಿಜನ್ ಕೊಡ್ಸಿ ಆಸ್ಪತ್ರೆಗೆ ಹೋಗಿ, ಕೆಳಗೆ ಇಳಿಸೋ ಏರ್ಪಾಟು ಮಾಡಿ, ಮುಂದಕ್ಕಂತೂ ಕರ್ಕೊಂಡು ಹೋಗ್ಬೇಡಿ, ಸಾಗಾ ಇನ್ನೂ ಎತ್ತರ. ಹೋಟ್ಲಲ್ಲಿ ಆಕ್ಸಿಜನ್ ಇದೆ ಅಂತ ಧೈರ್ಯ ಮಾಡೋದು ತಪ್ಪು, ರೂಮಿಂದ ಆಚೆ ಬಂದ್ರೆ ಅದೇ ತೆಳು ಗಾಳಿ. ಎತ್ತರದ ತೊಂದ್ರೆಗೆ ತಗೊಳೋ ಡಯಾಮಾಕ್ಸ್ ಮಾತ್ರೆ ಬಗ್ಗೆ ಅಪ್ಪನ ಡಾಕ್ಟರನ್ನೇ ಕೇಳಿ, ಬಿಪಿ ಮಾತ್ರೆ ಯಾವ್ದು ನೋಡ್ಬೇಕು, ಸಲ್ಫಾ ಅಲರ್ಜಿ ಇದೆಯಾ ತಿಳ್ಕೋಬೇಕು. ತಗೊಂಡ್ರೆ ಬೆರಳು ಜುಮ್ ಅನ್ನತ್ತೆ, ಪದೇಪದೇ ಬಾತ್ರೂಮು. ನಿದ್ದೆ ಮಾತ್ರೆ, ಡ್ರಿಂಕ್ಸ್ ಮುಟ್ಬೇಡಿ.

ಸ್ನಾನಕ್ಕೆ ಅಷ್ಟು ಹೆದರ್ಬೇಡಿ, ಬಿಸಿನೀರಲ್ಲಿ ಬೇಗ ಮುಗಿಸಿ, ಚಳಿ ಹಿಡಿಯದಂಗೆ ನೋಡ್ಕೊಳ್ಳಿ. ತಲೆ ಸುತ್ತು, ಸುಸ್ತು ಇದ್ರೆ ಅವತ್ತು ಮೈ ಒರೆಸ್ಕೊಂಡ್ರೆ ಸಾಕು.

ಕುಶಾಲ್ನಗರ_ಕೂಸು:
ಬೈಲಕುಪ್ಪೆಯಿಂದ ತಂದ ಕ್ಯಾಲೆಂಡರು, ದಲೈ ಲಾಮಾ ಫೋಟೋ ಬ್ಯಾಗಲ್ಲಿ, ಪರ್ಸಲ್ಲಿ ಇದ್ರೆ ಮನೇಲೇ ಬಿಡಿ. ಅಲ್ಲಿ ಅದು ನಿಷೇಧ, ಗೈಡಿಗೂ ಕಷ್ಟ. ನಮ್ಮಲ್ಲಿರೋ ಸೆರಾ ಮಠದ ಮೂಲ ಲಾಸಾದಲ್ಲೇ ಇದೆ, ಟೈಮ್ ಸಿಕ್ರೆ ಹೋಗಿ, ಭಿಕ್ಷುಗಳು ಚಪ್ಪಾಳೆ ಹೊಡ್ಕೊಂಡು ವಾದ ಮಾಡೋದು ನೋಡಬಹುದು. ಆಮೇಲೆ ಅಲ್ಲೂ ಬೀಜಿಂಗ್ ಟೈಮೇ, ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಬೇಸಿಗೇಲೂ ಬೆಳಗಾಗೋದು ಏಳರ ಹೊತ್ತಿಗೆ. ಅಮ್ಮ ಅಭ್ಯಾಸದಂಗೆ ಎದ್ರೆ ಗಡಿಯಾರ ನೋಡಿ ತಬ್ಬಿಬ್ಬಾಗ್ತಾರೆ!

ಗಾಂಧಿಬಜಾರ್_ಗಿರಾಕಿ:
ಥ್ಯಾಂಕ್ಸ್ ಎಲ್ರಿಗೂ. ಡಬ್ಬ ಬಿಲ್ಡಿಂಗೇ ಫಿಕ್ಸ್, ಅಮ್ಮಂಗೆ ಲಿಫ್ಟ್ ಅಂದ ತಕ್ಷಣ ಸಮಾಧಾನ ಆಯ್ತು. ರೂಮಲ್ಲಿ ಅನ್ನ ಮಾಡ್ಕೊಳ್ಳೋದಕ್ಕೆ ಬಿಡ್ತಾರಾ?

ಸುತ್ತಾಟ_ಶೆಟ್ರು:
ರೂಮಲ್ಲಿ ಕುಕ್ಕರ್ ಇಡಕ್ಕೆ ಹೋಗ್ಬೇಡಿ, ಬೈಸ್ಕೊತೀರ. ನೀರು ಅಲ್ಲಿ 88 ಡಿಗ್ರಿಗೇ ಕುದ್ದುಬಿಡತ್ತೆ, ತೆರೆದ ಪಾತ್ರೇಲಿ ಅಕ್ಕಿ ಸರಿಯಾಗಿ ಬೇಯಲ್ಲ. ಅವಲಕ್ಕಿ, ಗೊಜ್ಜಿನಪುಡಿ, ಚಟ್ನಿಪುಡಿ ತಗೊಂಡೋಗಿ. ಕಾಫಿಗೆ ಇನ್‌ಸ್ಟಂಟ್ ಪುಡಿನೇ ಗತಿ, ಕೆಟಲ್ ರೂಮಲ್ಲೇ ಇರತ್ತೆ.