ಬಿಸಿಯಾದ ಮೇಲೆ ಐಡಲಿಂಗ್ ಏರಿಳಿತ, ಸಿಗ್ನಲ್‌ನಲ್ಲಿ ಎಂಜಿನ್ ಆಫ್

ಪ್ರಶ್ನೆ

ಪೆಟ್ರೋಲ್ ಕಾರು, ಮ್ಯಾನುಯಲ್ ಗೇರು, 11 ವರ್ಷ ಹಳೆಯದು, 1.2 ಲಕ್ಷ ಕಿ.ಮೀ. ಓಡಿದೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಕಾಲು ಗಂಟೆ ಓಡಿಸಿದ ಮೇಲೆ ಆಟ ಶುರು. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಐಡಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು 500ಕ್ಕೆ ಬೀಳುತ್ತದೆ, 1,100ಕ್ಕೆ ಏರುತ್ತದೆ, ಮತ್ತೆ ಬೀಳುತ್ತದೆ. ಏದುಸಿರು ಬಿಟ್ಟ ಹಾಗೆ. ನಾಲ್ಕೈದು ಸಲ ಹೀಗಾಡಿ ಕೆಲವೊಮ್ಮೆ ಆಫ್. ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್. ಎಂಜಿನ್ ಲೈಟ್ ಒಂದು ಸಲವೂ ಹತ್ತಿಲ್ಲ. ಗ್ಯಾರೇಜಿಗೆ ಒಯ್ದರೆ ಮಾತ್ರ ಒಳ್ಳೆ ಮಗುವಿನ ಹಾಗೆ ಇರುತ್ತದೆ.

ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಹೊಸದು. ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಬಾಡಿ ತೊಳೆಸಿದೆ, ಎರಡು ದಿನ ಸರಿ ಇತ್ತು. ಈಗ ಇಗ್ನಿಷನ್ ಕಾಯಿಲ್ ಹಾಕೋಣ, ಆಗದಿದ್ದರೆ ಫ್ಯೂಯೆಲ್ ಪಂಪ್ ಹಾಕಿ ನೋಡೋಣ ಅನ್ನುತ್ತಿದ್ದಾರೆ. ನೋಡುವುದು ಅವರು, ದುಡ್ಡು ಕೊಡುವುದು ನಾನು. ಏನು ಮಾಡಲಿ?

ಉತ್ತರ 1

ಮೊದಲು ಪಾರ್ಟ್ಸ್ ಬದಲಾಯಿಸುವುದನ್ನು ನಿಲ್ಲಿಸಿ. ಎರಡು ಪ್ರಶ್ನೆ. ಏರು ಹತ್ತುವಾಗ ಎಳೆತ ಕಡಿಮೆಯಾಗಿದೆಯಾ? ಓಡುತ್ತಿರುವಾಗಲೂ ಆಫ್ ಆಗುತ್ತದೆಯಾ? ಪಂಪ್ ಸೋತಿದ್ದರೆ ಲೋಡ್ ಬಿದ್ದಾಗ ಗೊತ್ತಾಗುತ್ತದೆ. ಕಾಯಿಲ್ ಹೋಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಮಿಸ್ಸಿಂಗ್ ಹೊಡೆಯುತ್ತದೆ. ಗೇರಿನಲ್ಲಿ ಹೋಗುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇದೆ, ಆದರೂ ಮುಳ್ಳು ಸೊನ್ನೆ ತೋರಿಸುತ್ತಿದೆ ಅಂದರೆ ಸೆನ್ಸರ್‌ನಿಂದ ಸಿಗ್ನಲ್ಲೇ ಬರುತ್ತಿಲ್ಲ ಅಂತ, ಅಲ್ವಾ?

ಪ್ರಶ್ನೆ ಕೇಳಿದವರು

ಎಳೆತ ಚೆನ್ನಾಗಿದೆ. ಓಡುವಾಗ ಒಮ್ಮೆಯೂ ನಿಂತಿಲ್ಲ.

ಉತ್ತರ 1

ಹಾಗಾದರೆ ನನಗೆ ಗಾಳಿಯ ಮೇಲೆ ಅನುಮಾನ. ಐಡಲ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಪೈಪಿನ ಸಣ್ಣ ಸೀಳಿನಿಂದ ನುಗ್ಗುವ ಗಾಳಿಯೇ ದೊಡ್ಡ ಪಾಲು. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಮ್ಯಾಫ್ ಸೆನ್ಸರ್ ಅದನ್ನು ಅಳೆದಿರುವುದಿಲ್ಲ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸರಿಮಾಡಲು ಹೋಗುತ್ತದೆ, ಜಾಸ್ತಿಯಾಗುತ್ತದೆ, ಮತ್ತೆ ತಗ್ಗಿಸುತ್ತದೆ. ನಿಮ್ಮ ಏದುಸಿರು ಅದೇ ಇರಬೇಕು.

ಸ್ಕ್ಯಾನರ್ ಹಾಕಿ, ಕೋಡ್ ಹುಡುಕಬೇಡಿ, ಲೈವ್ ಡೇಟಾ ನೋಡಿ. ಬಿಸಿ ಎಂಜಿನ್‌ನಲ್ಲಿ ಶಾರ್ಟ್ ಮತ್ತು ಲಾಂಗ್ ಫ್ಯೂಯೆಲ್ ಟ್ರಿಮ್ ಕೂಡಿಸಿ. ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ (ಪ್ಲಸ್) ಅಥವಾ ತಗ್ಗಿಸುತ್ತಿದೆ (ಮೈನಸ್) ಅನ್ನುವ ಲೆಕ್ಕ ಅದು. ಐಡಲ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಇನ್ನೊಮ್ಮೆ. ಐಡಲ್‌ನಲ್ಲಿ ಜಾಸ್ತಿ ಪ್ಲಸ್ ಇದ್ದು ಮೇಲೆ ಹೋದಂತೆ ಇಳಿದರೆ ಗಾಳಿ ಸೋರಿಕೆ. ಲೋಡ್ ಬಿದ್ದಂತೆ ಏರುತ್ತಾ ಹೋದರೆ ಪೆಟ್ರೋಲ್ ಪ್ರೆಷರ್ ಅಥವಾ ಮ್ಯಾಫ್. ಮ್ಯಾಫ್ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಎಂಜಿನ್‌ಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ.

ಉತ್ತರ 2

ಟ್ಯಾಂಕ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆಯಾ? ನನ್ನದು ಹಾಗೇ ಇತ್ತು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಬೇಕಾದಾಗ ಮಾತ್ರ ಎಂಜಿನ್‌ಗೆ ಬಿಡಬೇಕಾದ ಪರ್ಜ್ ವಾಲ್ವ್ ತೆರೆದೇ ಉಳಿದು ಆವಿಯನ್ನು ಎಳೆಯುತ್ತಿತ್ತು. ಇನ್ನೊಂದು ಮಾತು. ಸೋರಿಕೆ ಹುಡುಕಲು ಪೈಪಿನ ಮೇಲೆ ಕಾರ್ಬ್ ಕ್ಲೀನರ್ ಹೊಡೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ಬೆಂಕಿ ಹತ್ತೀತು. ಸ್ಮೋಕ್ ಟೆಸ್ಟ್ ಮಾಡಿಸಿ, ಪೈಪುಗಳೊಳಗೆ ಹೊಗೆ ಬಿಟ್ಟರೆ ಸೀಳಿದ್ದಲ್ಲಿ ಹೊರಗೆ ಬರುತ್ತದೆ.

ಪ್ರಶ್ನೆ ಕೇಳಿದವರು

ಪೆಟ್ರೋಲ್ ಹಾಕಿಸಿದಾಗ ತೊಂದರೆ ಇಲ್ಲ. ಮ್ಯಾಫ್ ಇರುವ ಎಂಜಿನ್ನೇ. ಟ್ರಿಮ್ ಐಡಲ್‌ನಲ್ಲಿ +19, 2,500ರಲ್ಲಿ +4!

ಹೊಗೆ ಬಂದದ್ದು ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂದಿನ ಪಿಸಿವಿ ಪೈಪಿನ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪೈಪು) ಮೊಣಕೈಯಂಥ ತಿರುವಿನಿಂದ. ಮೇಲಿನಿಂದ ಹೊಸದರ ಹಾಗೆ ಕಾಣುತ್ತದೆ. ಕೆಳಗೆ ಉಗುರಿನಷ್ಟು ಸೀಳು. ತಣ್ಣಗಿದ್ದಾಗ ಒತ್ತಿ ಮುಚ್ಚಿಕೊಂಡಿರುತ್ತದೆ, ಬಿಸಿಗೆ ರಬ್ಬರ್ ಮೆತ್ತಗಾಗಿ ಬಾಯಿ ಬಿಡುತ್ತದೆ. ಗ್ಯಾರೇಜಿನಲ್ಲಿ ಗಾಡಿ ತಣ್ಣಗಾಗುವವರೆಗೆ ಕಾಯುತ್ತಿದ್ದರು, ಸಿಗುವುದಾದರೂ ಹೇಗೆ?

ಪೈಪು ಹಾಕಿದೆ. ಟ್ರಿಮ್ +2. ಆದರೆ ಈಗ ಐಡಲ್ 1,050ರಲ್ಲೇ ನಿಂತಿದೆ.

ಉತ್ತರ 1

ಗಾಬರಿ ಬೇಡ. ಇಸಿಯು ಇನ್ನೂ ಹಳೆ ಲೆಕ್ಕದಲ್ಲೇ ಇದೆ, ಥ್ರಾಟಲ್ ಬೇರೆ ತೊಳೆಸಿದ್ದೀರಿ. ಸ್ಕ್ಯಾನರ್‌ನಲ್ಲಿ ಐಡಲ್ ರೀಲರ್ನ್ ಮಾಡಿಸಿ, ಅಂದರೆ ಇಸಿಯುಗೆ ಐಡಲ್ ಲೆಕ್ಕ ಹೊಸದಾಗಿ ಕಲಿಸುವುದು. ಆ ಹೊತ್ತಿನಲ್ಲಿ ಎಸಿ, ಹೆಡ್‌ಲೈಟ್ ಎಲ್ಲ ಆಫ್ ಇರಲಿ.

ಪ್ರಶ್ನೆ ಕೇಳಿದವರು

ಮೂರು ವಾರ ಆಯಿತು. ಐಡಲ್ 750. ಎಸಿ ಹಾಕಿದರೆ ಒಂದು ಕ್ಷಣ ಬಗ್ಗಿ ಎದ್ದು ನಿಲ್ಲುತ್ತದೆ, ಅಷ್ಟೇ. ನನಗಾಗಿ ತರಿಸಿಟ್ಟ ಕಾಯಿಲನ್ನು ವಾಪಸ್ ಕಳಿಸಲು ಆಗುವುದಿಲ್ಲ ಅಂತ ಗ್ಯಾರೇಜಿನವರು ಕೂತಿದ್ದಾರೆ. ಅದು ಬೇರೆ ಜಗಳ.