ಕಬ್ಬನ್ ಎಂಬ ಮನೆತನದ ಹೆಸರಿನ ಮೂಲ ಯಾವುದು?

ಪ್ರಶ್ನೆ:
ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಅವರ ಹೆಸರಿಟ್ಟಿರುವುದು ಎಲ್ಲರಿಗೂ ತಿಳಿದಿದೆ. ಆದರೆ ಬ್ರಿಟಿಷರಲ್ಲಿ ಈ ಹೆಸರು ಬಹಳ ವಿರಳ. ಸ್ಮಿತ್, ಟೇಲರ್‌ಗಳಂತೆ ಕಸುಬಿನಿಂದ ಬಂದದ್ದೆಂದೂ ತೋರುವುದಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮಾನ್ಯರೇ, ಈ ಹೆಸರಿನ ತವರು ಇಂಗ್ಲೆಂಡ್ ಅಲ್ಲ, ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಿನ ಕಡಲಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪ. ಅಲ್ಲಿನ ಮ್ಯಾಂಕ್ಸ್ ಭಾಷೆ ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್‌ಗಳ ದಾಯಾದಿ. ಈ ಮೂರರಲ್ಲೂ ‘ಮ್ಯಾಕ್’ ಎಂದರೆ ಮಗ, ಅದರ ಜೊತೆಗೆ ತಂದೆಯ ಹೆಸರು ಸೇರಿದರೆ ಮನೆತನದ ಹೆಸರು. ದ್ವೀಪದಲ್ಲಿ ಉಳಿದಿರುವ 1511ರ ಭೂಕಂದಾಯದ ಪಟ್ಟಿಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಈ ‘ಮ್ಯಾಕ್’, 17ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಉದುರಿಹೋಯಿತಾದರೂ ಅದರ ಕೊನೆಯ ಕಕಾರ ಮಾತ್ರ ತಂದೆಯ ಹೆಸರಿಗೆ ಅಂಟಿಕೊಂಡು ಉಳಿಯಿತು. ಗಿಲ್ಬರ್ಟ್ ಎಂಬುದರ ಮುದ್ದಿನ ರೂಪ ಗಿಬ್ಬನ್. ‘ಮ್ಯಾಕ್ ಗಿಬ್ಬನ್’ ಎನ್ನುವಾಗ ಗಕಾರ ಕಕಾರದಲ್ಲಿ ಕರಗಿ ‘ಕಬ್ಬನ್’ ಆಯಿತು. ನಮ್ಮ ಆದೇಶ ಸಂಧಿಯಲ್ಲಿ ಮಳೆಯೂ ಕಾಲವೂ ಕೂಡಿ ‘ಮಳೆಗಾಲ’ ಆಗುವಾಗ ಕಕಾರ ಗಕಾರವಾಗುತ್ತದೆಯಷ್ಟೆ, ಇಲ್ಲಿ ನಡೆದದ್ದು ಅದರ ತಿರುಗುಮುರುಗು. ಮ್ಯಾಕ್ ವಿಲಿಯಂ ‘ಕ್ವಿಲಿಯಂ’ ಆದದ್ದೂ, ಮ್ಯಾಕ್ ಡರ್ಮಟ್ ‘ಕರ್ಮೋಡ್’ ಆದದ್ದೂ ಹೀಗೆಯೇ. ಟ್ರಫಾಲ್ಗರ್ ನೌಕಾಕದನದಲ್ಲಿ ಬ್ರಿಟಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್‌ನ ಹಡಗಿನ ಮೊದಲ ಲೆಫ್ಟಿನೆಂಟ್ ಆಗಿದ್ದ ಜಾನ್ ಕ್ವಿಲಿಯಂ ಇದೇ ದ್ವೀಪದವನು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಸ್ಕಾಟ್ಲೆಂಡಿನ ಮ್ಯಾಕ್‌ಕಬಿನ್ ಮನೆತನದವರೂ ಇವರ ಬಂಧುಗಳೇ?

ಉತ್ತರ 2:
ಹೆಸರು ಹೋಲುತ್ತದೆ ಎಂದಮಾತ್ರಕ್ಕೆ ರಕ್ತಸಂಬಂಧ ಹೇಳಬಾರದು. ಗಿಲ್ಬರ್ಟ್ ಮಧ್ಯಯುಗದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಹೆಸರಾದ್ದರಿಂದ, ಬೇರೆ ಬೇರೆ ಗಿಬ್ಬನ್‌ಗಳ ಮಕ್ಕಳು ಬೇರೆ ಬೇರೆ ಕಡೆ ಇದೇ ಬಗೆಯ ಹೆಸರು ಪಡೆದಿರುವುದು ಸಹಜ.

ಉತ್ತರ 3:
ಮಾರ್ಕ್ ಕಬ್ಬನ್ ಅವರ ತಂದೆ ದ್ವೀಪದ ಮ್ಯಾಕಲ್ಡ್ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಊರು) ಪಾದ್ರಿಯಾಗಿದ್ದರು. ಮೈಸೂರಿನ ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಎಂದರೆ ರೆಸಿಡೆಂಟರಾಗಿದ್ದು ಮುಂದೆ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇವರ ಸೋದರಮಾವ. ಮಾವ, ಸೋದರಳಿಯ ಇಬ್ಬರೂ ಆ ಪುಟ್ಟ ದ್ವೀಪದಿಂದ ನಮ್ಮ ನಾಡಿಗೆ ಬಂದವರೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಹೆಸರಿನ ಜಾಡು ಹಿಡಿಯುವವರು ದ್ವೀಪದ ಚರ್ಚುಗಳ ದಾಖಲೆ ಪುಸ್ತಕಗಳಲ್ಲಿ ‘ಮ್ಯಾಕ್’ ಇರುವ ಮತ್ತು ಇಲ್ಲದ ರೂಪಗಳೆರಡನ್ನೂ, ಜೊತೆಗೆ ‘ಕಬ್ಬಿನ್’ ಎಂಬ ಕಾಗುಣಿತವನ್ನೂ ಹುಡುಕಬೇಕು.