ಟಿ1 ಯಾವುದು ಬೋಪಣ್ಣ?

ಗುಂಪು: ಡಿಪ್ಲೊಮಾ ಎಲೆಕ್ಟ್ರಾನಿಕ್ಸ್, ಕೊಡಗು

ಬೋಪಣ್ಣ, ನಾಪೋಕ್ಲು: 📷 ಕಾಫಿ ಕಣಕ್ಕೆ ಮಳೆ ಅಲಾರಂ. ನಾನೇ ಬರೆದ ಸರ್ಕ್ಯೂಟ್. ಹನಿ ಬಿದ್ದರೆ ಸೈರನ್ ಕೂಗುತ್ತದೆ. ಬೇಕಾದವರು ಮಾಡಿಕೊಳ್ಳಿ.

ಮಂಜು, ಸೋಮವಾರಪೇಟೆ: ಮಾರಾಯ, ಇದನ್ನೇ ಅಲ್ವಾ ನಮ್ಮ ಅಕ್ಕನ ಮಗನಿಗೆ ಕಳಿಸಿದ್ದು? ಪವರ್ ಸಪ್ಲೈ ಕಡೆ ಟ್ರಾನ್ಸ್‌ಫಾರ್ಮರ್ ಟಿ1. ಕೆಳಗೆ ಬಿಸಿ547 ಟ್ರಾನ್ಸಿಸ್ಟರ್ ಕೂಡ ಟಿ1. ಹುಡುಗ ಮಡಿಕೇರಿಗೆ ಹೋಗಿ ಎರಡು ಟ್ರಾನ್ಸ್‌ಫಾರ್ಮರ್ ತಂದ.

ಬೋಪಣ್ಣ: ಚಿಹ್ನೆ ನೋಡಿದರೆ ಗೊತ್ತಾಗಲ್ವಾ?

ಮಂಜು: ಅಂಗಡಿಗೆ ಒಯ್ದದ್ದು ಪಾರ್ಟ್ಸ್ ಲಿಸ್ಟ್. ಅದರಲ್ಲಿ ಚಿಹ್ನೆ ಎಲ್ಲಿ?

ಕಾವ್ಯ: ಟ್ರಾನ್ಸಿಸ್ಟರ್‌ಗೆ ಕ್ಯೂ ಬರೆ. ಸೈರನ್ ಆನ್ ಮಾಡುವ ಸ್ವಿಚ್ ಇದೆಯಲ್ಲ, ಆ ರಿಲೇಗೆ ಕೆ. ಟಿ ಟ್ರಾನ್ಸ್‌ಫಾರ್ಮರ್‌ದು. ಸರ್ಕ್ಯೂಟ್ ಚಿಹ್ನೆ, ಅಕ್ಷರಗಳ ಸ್ಟ್ಯಾಂಡರ್ಡ್ ಇದೆಯಲ್ಲ, 1975ರ ಐಇಇಇ 315, ಅದರಲ್ಲೇ ಇದೆ.

ಬೋಪಣ್ಣ: ಅದನ್ನು 2019ರಲ್ಲಿ ಚಾಲ್ತಿಯಿಂದ ತೆಗೆದರು ತಾಯಿ.

ಕಾವ್ಯ: ಅಕ್ಷರ ಎಲ್ಲೂ ಹೋಗಿಲ್ಲ. ನಾವು ದಿನಾ ಮಾಡುವ ಬೋರ್ಡ್ ಮೇಲೆ ಈಗಲೂ ಟ್ರಾನ್ಸಿಸ್ಟರ್‌ಗೆ ಕ್ಯೂ1, ಐಸಿ ಚಿಪ್‌ಗೆ ಯು1 ಅಂತಲೇ ಅಚ್ಚಾಗುತ್ತದೆ.

ಬೋಪಣ್ಣ: ಟ್ರಾನ್ಸಿಸ್ಟರ್ ಅನ್ನುವುದರಲ್ಲಿ ಕ್ಯೂ ಎಲ್ಲಿದೆ? ನಮಗೆ ಟಿಆರ್ ಅಂತ ಬರೆಸಿದ್ದು.

ಕಾವ್ಯ: ಇಂಡಕ್ಟರ್‌ಗೆ ಎಲ್ ಹಾಕುತ್ತೀಯಲ್ಲ, ಆ ಹೆಸರಲ್ಲಿ ಎಲ್ ಇದೆಯಾ? ಟಿಆರ್ ಬ್ರಿಟನ್ ಕಡೆಯ ರೂಢಿ. ಅದನ್ನಾದರೂ ಬರೆಯಬೇಕಿತ್ತು. ನೀನು ಆರ್ ನುಂಗಿದೆ 😄

ಮಂಜು: ಕಥೆ ಇನ್ನೂ ಇದೆ. ಟ್ರಾನ್ಸಿಸ್ಟರ್‌ನ ಬೇಸ್ ರೆಸಿಸ್ಟರ್ ಆರ್2ಗೆ ಹುಡುಗ 47ಕೆ, ಅಂದರೆ 47 ಕಿಲೋ ಓಮ್ ಹಾಕಿದ. ರಿಲೇ ಸರಿಯಾಗಿ ಎಳೆಯಲಿಲ್ಲ, ಕಟಕಟ ಅಂದಿತು ಅಷ್ಟೆ. ರಾತ್ರಿ ಮಳೆ ಬಂತು. ಕಣದಲ್ಲಿದ್ದ ರೊಬಸ್ಟಾ ಚೆರಿ ಪೂರ್ತಿ ನೆನೆಯಿತು.

ಬೋಪಣ್ಣ: 47 ಅಲ್ಲ, 4.7! ಚುಕ್ಕಿ ಇಟ್ಟಿದ್ದೇನೆ.

ಮಂಜು: ಇಟ್ಟಿದ್ದೀಯ, ನಿನ್ನ ಕಾಗದದ ಮೇಲೆ. ವಾಟ್ಸಾಪ್‌ನಲ್ಲಿ ಬರುವಷ್ಟರಲ್ಲಿ ಹೋಗಿದೆ.

ಕಾವ್ಯ: ಅದಕ್ಕೇ 4ಕೆ7 ಅಂತ ಬರೆಯುವುದು. ಚುಕ್ಕಿಯ ಜಾಗದಲ್ಲಿ ಅಕ್ಷರ. ಝೆರಾಕ್ಸ್ ಎಷ್ಟು ಮಸುಕಾದರೂ ಅಳಿಸಿಹೋಗಲ್ಲ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಆರ್: 4ಆರ್7 ಅಂದರೆ 4.7 ಓಮ್.

ಬೋಪಣ್ಣ: ರಿಲೇನೂ ಕೆ, ಕಿಲೋನೂ ಕೆ. ಇದರಲ್ಲಿ ಗೊಂದಲ ಇಲ್ವಾ?

ಕಾವ್ಯ: ಕೆ1ರಲ್ಲಿ ಅಕ್ಷರ ಮೊದಲು. 4ಕೆ7ರಲ್ಲಿ ಅಂಕಿ ಮೊದಲು.

(ಅರ್ಧ ಗಂಟೆ ಸುದ್ದಿ ಇಲ್ಲ.)

ಬೋಪಣ್ಣ: 📷 ತಿದ್ದಿದ್ದೇನೆ. ಟ್ರಾನ್ಸಿಸ್ಟರ್ ಕ್ಯೂ1. ಆರ್2 4ಕೆ7. ರಿಲೇ ಮಾತ್ರ ಆರ್‌ಎಲ್1. ಅದನ್ನು ಬಿಡಲ್ಲ.

ಕಾವ್ಯ: ಪಾರ್ಟ್ಸ್ ಲಿಸ್ಟ್‌ನಲ್ಲೂ ಆರ್‌ಎಲ್1 ಅಂತಲೇ ಇದೆಯಾ?

ಬೋಪಣ್ಣ: ಇದೆ.

ಕಾವ್ಯ: ಹಾಗಾದರೆ ಇರಲಿ.

ಮಂಜು: ಒಂದು ಟ್ರಾನ್ಸ್‌ಫಾರ್ಮರ್ ಜಾಸ್ತಿ ಇದೆ. ಯಾರಿಗಾದರೂ ಬೇಕಾ?